ಬಾಂದುಕಲ್ಲಿನ ಬಳಿ ಕೈ ಜಿಪಿಎಸ್ ಮತ್ತು ಮೊಬೈಲ್ ಫೋನ್

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದ ಮೂಲೆಯಲ್ಲೊಂದು ಬಾಂದುಕಲ್ಲಿದೆ. ಅದರ ಅಕ್ಷಾಂಶ ರೇಖಾಂಶಗಳನ್ನು ಸರ್ವೆಯರ್ ಒಬ್ಬರು ಹಿಂದೆಯೇ ದೊಡ್ಡ ಉಪಕರಣವಿಟ್ಟು ತೆಗೆದುಕೊಟ್ಟಿದ್ದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರವನ್ನೂ ನನ್ನ ಫೋನನ್ನೂ ಒಂದು ವಾರ ಜೊತೆಜೊತೆಯಾಗಿ ಪರೀಕ್ಷಿಸಿದೆ. ಕೆಳಗಿನ ಗದ್ದೆಯ ಏರಿಯ ಮೇಲೆ ಹೋಲಿಸುವುದಕ್ಕೆ ಏನೂ ಇರಲಿಲ್ಲ. ಆಕಾಶ ತೆರೆದಿರುವಲ್ಲಿ ಎರಡೂ ನಾಲ್ಕೈದು ಮೀಟರಿನೊಳಗೆ ಒಂದೇ ಜಾಗವನ್ನು ತೋರಿಸಿದವು.

ವ್ಯತ್ಯಾಸ ಕಂಡದ್ದು ತೋಟದ ನೆರಳಿನಲ್ಲಿ. ಸುಮಾರು 20,200 ಕಿ.ಮೀ. ಎತ್ತರದಿಂದ ಹೊರಟ ಉಪಗ್ರಹದ ಸಂಕೇತವು ನೆಲ ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಅದರಲ್ಲಿಯೂ ಒಂದು ಪಾಲನ್ನು ಒದ್ದೆ ಎಲೆಗಳು ಹೀರಿಕೊಂಡರೆ, ದಪ್ಪ ಕಾಂಡಗಳೂ ಕಡಿದಾದ ಬರೆಯೂ ಇನ್ನೊಂದು ಪಾಲನ್ನು ಪ್ರತಿಫಲಿಸಿ ಸುತ್ತುದಾರಿಯಲ್ಲಿ ಕಳುಹಿಸುತ್ತವೆ. ಉಪಗ್ರಹದ ದೂರವನ್ನು ಯಂತ್ರ ಲೆಕ್ಕಹಾಕುವುದು ಸಂಕೇತ ತಲುಪಿದ ಸಮಯದಿಂದ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಡವಾದರೂ ಆ ದೂರ 300 ಮೀಟರ್ ಹೆಚ್ಚಾಗಿ ಕಾಣುತ್ತದೆ. ಹೀಗೆ ಸುತ್ತಿ ಬಂದ ಸಂಕೇತವನ್ನು ನೇರವಾಗಿ ಬಂದದ್ದೆಂದು ನಂಬಿದ ಯಂತ್ರ ನಮ್ಮನ್ನು ಬೇರೆಲ್ಲೋ ನಿಲ್ಲಿಸುತ್ತದೆ.

ಕಪಾತು (ಕೊಂಬೆ ಕತ್ತರಿಸುವುದು) ಆಗದ ಮರಗಳ ಕೆಳಗೆ, ಕಲ್ಲಿನ ಮೇಲೆಯೇ ಇಟ್ಟಿದ್ದ ಕೈ ಜಿಪಿಎಸ್ ಹತ್ತು ಹನ್ನೆರಡು ಮೀಟರಿನ ವ್ಯಾಪ್ತಿಯಲ್ಲಿ ಅಲೆಯುತ್ತಲೇ ಇತ್ತು. ಫೋನಿನ ಚುಕ್ಕೆಯಾದರೋ ಕದಲಲಿಲ್ಲ. ಇದೇ ಒಳ್ಳೆಯದೆಂದು ನಾನು ಮೊದಲು ಭಾವಿಸಿದ್ದೆ. ನೋಡಿದರೆ ಅದು ನಿಂತದ್ದು ಕಲ್ಲಿನಿಂದ ಇಪ್ಪತ್ತೈದು ಹೆಜ್ಜೆ ಆಚೆ, ಪಕ್ಕದವರ ಕಾಳುಮೆಣಸಿನ ಬಳ್ಳಿಗಳ ನಡುವೆ. ಫೋನಿನ ತಂತ್ರಾಂಶ ಅಲೆದಾಟವನ್ನು ಸವರಿ ತೋರಿಸುವುದರಿಂದ ತಪ್ಪು ಸಹ ಸ್ಥಿರವಾಗಿ ಕಾಣುತ್ತದೆ. ಕೈ ಜಿಪಿಎಸ್‌ನ ಅಲೆದಾಟ ಕಣ್ಣಿಗೆ ಕಾಣುವಂಥದ್ದು, ಮೇಲಾಗಿ ಅದರಲ್ಲಿ ಸರಾಸರಿ ತೆಗೆಯುವ ಸೌಲಭ್ಯವಿದೆ. ಹದಿನೈದು ನಿಮಿಷ ಬಿಟ್ಟ ಮೇಲೆ ಬಂದ ಅಂಕಿ ಕಲ್ಲಿಗೆ ಆರು ಮೀಟರಿನಷ್ಟು ಹತ್ತಿರವಿತ್ತು. ಪರದೆಯ ಮೇಲಿನ ‘±5 ಮೀ’ ಯಂತ್ರದ ಸ್ವಂತ ಅಂದಾಜೇ ಹೊರತು ಅಳತೆಯಲ್ಲ ಎಂಬುದು ಎರಡಕ್ಕೂ ಅನ್ವಯಿಸುತ್ತದೆ.

ಬೇಗ ಸ್ಥಾನ ತೋರಿಸುವುದರಲ್ಲಿ ಫೋನ್ ಮುಂದು, ಆದರೆ ನೆಟ್‌ವರ್ಕ್ ಇದ್ದಾಗ ಮಾತ್ರ. ಉಪಗ್ರಹಗಳ ಕಕ್ಷೆಯ ವಿವರವನ್ನು ಅದು ಇಂಟರ್ನೆಟ್‌ನಿಂದ ಪಡೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತಿತೆಂದರೆ, ಅದೇ ವಿವರವನ್ನು ಉಪಗ್ರಹದಿಂದ ಸುಮಾರು 30 ಸೆಕೆಂಡ್ ತಡೆಯಿಲ್ಲದೆ ಕೇಳಿಸಿಕೊಳ್ಳಬೇಕು. ಮರದಡಿಯಲ್ಲಿ ಅಷ್ಟು ಹೊತ್ತು ತಡೆಯಿಲ್ಲದೆ ಕೇಳಿಸುವುದು ಅಪರೂಪ.

ಇಷ್ಟಾದರೂ ಆ ವಾರದ ಅತಿ ದೊಡ್ಡ ತಪ್ಪು ಕೈ ಜಿಪಿಎಸ್‌ನದೇ, ಅಂದರೆ ನನ್ನದೇ. ಹಳೆಯ ಸರ್ವೆ ನಕ್ಷೆಯೊಂದಕ್ಕಾಗಿ ಅದನ್ನು ಎವರೆಸ್ಟ್ ಡೇಟಮ್‌ಗೆ ಬದಲಾಯಿಸಿ ಮರೆತಿದ್ದೆ. ಡೇಟಮ್ ಎಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸಲು ಆಧಾರವಾಗಿ ಹಿಡಿದ ಭೂಮಿಯ ಮಾದರಿ. ಫೋನ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದು ಡೇಟಮ್. ಒಂದೇ ಜಾಗಕ್ಕೆ ಎರಡು ಡೇಟಮ್‌ಗಳ ಅಂಕಿಗಳು ಬೇರೆ. ಮೊದಲ ದಿನ ಯಂತ್ರದ ಅಂಕಿಯನ್ನು ಫೋನಿನ ನಕ್ಷೆಗೆ ಹಾಕಿದಾಗ ಬಾಂದುಕಲ್ಲು ನೂರು ಮೀಟರಿಗೂ ಮೀರಿ ಸರಿದು ಪಕ್ಕದವರ ಕೆರೆಯೊಳಗೆ ಬಿದ್ದಿತ್ತು. ಆ ದಿನದ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಡೇಟಮ್ ಸರಿಪಡಿಸಿ, ಮರುದಿನ ಗದ್ದೆಯ ಏರಿಯಿಂದಲೇ ಮತ್ತೆ ಶುರುಮಾಡಿದೆ.