ಬ್ಯಾಟರಿ ಬದಲಿಸಿದ ಮೇಲೆ ಕಾರಿನ ರೇಡಿಯೋ ಕೋಡ್ ಕೇಳ್ತಿದ್ಯಾ? ಸೆಟ್ ಬಿಚ್ಚೋಕೆ ಮಾತ್ರ ಕೊಡಬೇಡಿ

ಹಳೇ ಹೋಂಡಾ ಸಿಟಿ ಇಟ್ಟುಕೊಂಡಿರುವ ಕಲಬುರಗಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ರೇಡಿಯೋ ರಿಪೇರಿ ಅಂತ ಹೇಳಿ ನನ್ನಿಂದ 3,500 ರೂಪಾಯಿ ಕಿತ್ತುಕೊಂಡಿದ್ದಾರೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ನಮ್ಮ ಬಿಸಿಲಿಗೆ ಬ್ಯಾಟರಿ ಕೈಕೊಡೋದು ಹೊಸದೇನಲ್ಲ. ಏಪ್ರಿಲ್‌ನಲ್ಲಿ ನನ್ನದೂ ಕೈಕೊಟ್ಟಿತು. ಹೊಸದು ಹಾಕಿಸಿದೆ, ಗಾಡಿ ಸ್ಟಾರ್ಟ್ ಆಯ್ತು. ರೇಡಿಯೋ ಮಾತ್ರ ‘ಕೋಡ್’ ಅಂತ ತೋರಿಸಿ ಸುಮ್ಮನಾಯ್ತು. ಬೆಳಿಗ್ಗೆ ಆಕಾಶವಾಣಿ ಕೇಳ್ತಾ ಕೆಲಸಕ್ಕೆ ಹೋಗುವವನು ನಾನು. ಕಳ್ಳರು ಸೆಟ್ ಕದ್ದರೂ ಬಳಸೋಕೆ ಆಗಬಾರದು ಅಂತ ಕಂಪನಿಯೇ ಇಟ್ಟ ಬೀಗ ಅದು. ಬ್ಯಾಟರಿ ತೆಗೆದರೆ ಆ ಬೀಗ ತಾನೇ ಬೀಳುತ್ತೆ, ಕೋಡ್ ಒತ್ತಿದರೆ ತೆರೆಯುತ್ತೆ. ಸೆಟ್ ಕೆಟ್ಟಿರಲ್ಲ. ಮತ್ತೆ ಹೇಳ್ತೀನಿ, ಸೆಟ್ ಕೆಟ್ಟಿರಲ್ಲ! ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ, ಹಳೇ ಮಾಲೀಕರು ಕೋಡ್ ಕಾರ್ಡ್ ಕೊಟ್ಟಿರಲಿಲ್ಲ.

ರಿಂಗ್ ರೋಡ್ ಕಡೆ ಒಂದು ಕಾರ್ ಆಡಿಯೋ ಅಂಗಡಿಗೆ ಹೋದೆ. ಮಾಲೀಕ ಒಂದು ಸಲ ಆನ್ ಮಾಡಿ ನೋಡಿದ. "ಬೋರ್ಡ್ ಹೋಗ್ಯಾದ್ರಿ ಸರ. ಹೈದರಾಬಾದಿಗೆ ಕಳಿಸಬೇಕು." ಕೋಡ್ ಹಾಕಿದರೆ ಸಾಕಲ್ವಾ ಅಂತ ಕೇಳಿದೆ. "ಕೋಡ್ ಗೀಡ್ ಇದಕ್ಕ ನಡೆಯಂಗಿಲ್ರಿ" ಅಂದ. ಸೆಟ್ ಬಿಚ್ಚಿಟ್ಟುಕೊಂಡ. ಡ್ಯಾಶ್‌ಬೋರ್ಡಲ್ಲಿ ದೊಡ್ಡ ತೂತು, ವೈರು ನೇತಾಡ್ತಿತ್ತು, ಹಾಗೇ ಓಡಾಡಿದೆ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಪಾರ್ಸಲ್ ಹಾದಿಯೊಳಗ ಅದ್ರಿ."

ಕೊನೆಗೆ ಬಂತು ಅಂದ, ಹೋದೆ. ಕೌಂಟರ್ ಮೇಲಿದ್ದ ಸೆಟ್ ಕೈಗೆತ್ತಿಕೊಂಡೆ. ತಗಡಿನ ಮೇಲೆ ಹಳೇ ಧೂಳು ಹಾಗೇ ಇದೆ. ಸ್ಕ್ರೂ ತಲೆಯ ಸಂದಿಯಲ್ಲೂ ಧೂಳು ಗಟ್ಟಿಯಾಗಿ ಕೂತಿದೆ. ಬಿಚ್ಚಿದ್ದರೆ ಅದು ಉಳೀತಿತ್ತಾ? ಹುಡುಗ ಸೆಟ್ ಕೂರಿಸಿ ಆನ್ ಮಾಡಿದ. ಮತ್ತೆ ಅದೇ ‘ಕೋಡ್’. ಮಾಲೀಕ ಜೇಬಿನಿಂದ ಚೀಟಿ ತೆಗೆದ, ನಂಬರ್ ಒತ್ತಿದ, ರೇಡಿಯೋ ಹಾಡಿತು. ಅಷ್ಟೇ ಕೆಲಸ. ನನಗೆ ಮೈಯೆಲ್ಲ ಉರಿದುಹೋಯ್ತು.

"ಕೋಡ್ ನಡೆಯಂಗಿಲ್ಲ ಅಂದಿದ್ರಲ್ಲ?"
"ಇದು ಹೊಸ ಬೋರ್ಡಿನ ಕೋಡ್ ರಿ ಸರ."
"ಹಳೇ ಬೋರ್ಡ್ ಎಲ್ಲಿ?"
"ಅದು ಹೈದರಾಬಾದಿನ್ಯಾಗೇ ಉಳೀತು."
ಸ್ಕ್ರೂ ತೋರಿಸಿ ಜೋರು ಮಾಡಿದೆ. "ರೊಕ್ಕ ಕೊಡ್ರಿ, ಇಲ್ಲಾಂದ್ರ ಮತ್ತ ಬಿಚ್ತೀನಿ" ಅಂದ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡ್ತಿದ್ದರು. ದುಡ್ಡು ಎಸೆದು ಬಂದೆ.

ಆಮೇಲೆ ಶೋರೂಮಿನಲ್ಲಿ ವಿಚಾರಿಸಿದೆ. ರೇಡಿಯೋ ಆಫ್ ಮಾಡಿ, 1 ಮತ್ತು 6ನೇ ಬಟನ್ ಒತ್ತಿ ಹಿಡಿದು ಪವರ್ ಒತ್ತಿದರು. ಪರದೆ ಮೇಲೆ ಸೀರಿಯಲ್ ನಂಬರ್ ಬಂತು. ಅದಕ್ಕೆ ಅವರು ತೆಗೆದ ಕೋಡೂ ಆ ಚೀಟಿಯ ಕೋಡೂ ಒಂದೇ. ಸ್ಕ್ರೂ ಮೇಲಿನ ಧೂಳೂ ಸೇರಿಸಿ ನೋಡಿದರೆ ಹೈದರಾಬಾದೂ ಇಲ್ಲ, ಹೊಸ ಬೋರ್ಡೂ ಇಲ್ಲ. ಫೋನ್ ಮಾಡಿ ಕೇಳಿದರೆ, "ಸರ್ವಿಸ್ ಚಾರ್ಜ್ ಅಂತ ತಿಳ್ಕೊರಿ" ಅಂತ ಇಟ್ಟುಬಿಟ್ಟ. ಈಗ ಎತ್ತೋದೇ ಇಲ್ಲ.

ನಿಮ್ಮದೂ ಕೋಡ್ ಕೇಳಿದರೆ ಮೊದಲು ಮ್ಯಾನುಯಲ್ ಪೌಚ್, ಗ್ಲೋವ್ ಬಾಕ್ಸ್ ನೋಡಿ, ಕಾರ್ಡ್ ಅಥವಾ ಸ್ಟಿಕರ್ ಇರಬಹುದು. ಇಲ್ಲದಿದ್ದರೆ ಸೀರಿಯಲ್ ನಂಬರ್, ಆರ್‌ಸಿ, ಗುರುತಿನ ಚೀಟಿ ಹಿಡಿದು ಶೋರೂಮಿಗೆ ಹೋಗಿ. ಸುಮ್ನೆ ಅಂದಾಜಿಗೆ ನಂಬರ್ ಒತ್ತಬೇಡಿ, 10 ಸಲ ತಪ್ಪಿದರೆ ಸೆಟ್ ಆನ್ ಇಟ್ಟು ಒಂದು ಗಂಟೆ ಕಾಯಬೇಕು. ಅಂಗಡಿಯವರು ಸ್ಕ್ರೂಡ್ರೈವರ್ ಎತ್ತಿದರೆ ಗಾಡಿ ತಿರುಗಿಸಿಕೊಂಡು ಬನ್ನಿ.