ಉಡುಪಿಯ ಗ್ರಾಹಕರ ಆಯೋಗ: ಮನೆಯಲ್ಲೇ ದುಡಿಯುವವರು ಧೈರ್ಯವಾಗಿ ಹೋಗಿ

ನಾನು ಸಂತೆಕಟ್ಟೆ ಹತ್ತಿರ ಮನೆಯಲ್ಲೇ ದೋಸೆ, ಇಡ್ಲಿ ಹಿಟ್ಟು ರುಬ್ಬಿ ಮಾರುತ್ತೇನೆ. ಅಷ್ಟಮಿ, ಚೌತಿಗೆ ಮೂಡೆಯ ಆರ್ಡರ್ ಕೂಡ ಇರುತ್ತದೆ. ಅದಕ್ಕೆಂದೇ 24 ಸಾವಿರ ಕೊಟ್ಟು ದೊಡ್ಡ ಟಿಲ್ಟಿಂಗ್ ಗ್ರೈಂಡರ್ ತಂದಿದ್ದೆ. ಸ್ವಲ್ಪ ದಿನಕ್ಕೇ ಹಿಟ್ಟಿನಲ್ಲಿ ಕಪ್ಪು ಗೆರೆ ಕಾಣಿಸಿತು. ಡ್ರಮ್ಮಿನ ಅಡಿಯ ಸೀಲಿನಿಂದ ಗ್ರೀಸ್ ಸೋರುತ್ತಿತ್ತು. ನೆನೆಸಿ ರುಬ್ಬಿದ ಉದ್ದನ್ನೆಲ್ಲ ತೆಂಗಿನ ಬುಡಕ್ಕೆ ಸುರಿಯುವಾಗ ಹೊಟ್ಟೆ ಉರಿಯಿತು. ಊರಿನ ಮಕ್ಕಳು ತಿನ್ನುವ ವಸ್ತು ಅಲ್ವಾ?

ಮೆಕ್ಯಾನಿಕ್ ಬಂದು ಸೀಲ್ ಬದಲಿಸಿದರು. ಮತ್ತೆ ಸೋರಿತು. ಮತ್ತೆ ಬದಲಿಸಿದರು, ಮತ್ತೂ ಸೋರಿತು. ದುಡ್ಡು ವಾಪಸ್ ಕೊಡಿ ಎಂದರೆ ಅಂಗಡಿಯವರು ಬಿಲ್ ತೋರಿಸಿದರು: ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ.’ ದೋಷವಿರುವ ಮಾಲಿಗೆ ಈ ಸಾಲು ನಡೆಯುವುದಿಲ್ಲ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಬೇಕು, ಇಲ್ಲದಿದ್ದರೆ ಅದು ಅನುಚಿತ ವ್ಯಾಪಾರ ಎಂದು 2019ರ ಗ್ರಾಹಕರ ರಕ್ಷಣಾ ಕಾಯ್ದೆಯೇ ಹೇಳುತ್ತದೆ.

ಮೊದಲು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿ ದೂರು ಬರೆದುಕೊಂಡರು. ಅಲ್ಲಿಂದ ಕಂಪನಿಗೆ ಹೋದ ದೂರಿಗೆ ಬಂದ ಉತ್ತರ ಮಾತ್ರ ನನ್ನನ್ನು ಕೆರಳಿಸಿತು: ‘ಇದು ವ್ಯಾಪಾರದ ಬಳಕೆ, ನೀವು ಗ್ರಾಹಕರೇ ಅಲ್ಲ.’

ನನ್ನ ಹಾಗೆ ಹಪ್ಪಳ, ಉಪ್ಪಿನಕಾಯಿ, ಹೊಲಿಗೆ ಎಂದು ಮನೆಯಲ್ಲೇ ದುಡಿಯುವ ಹೆಂಗಸರು ಇಲ್ಲಿ ಎಷ್ಟು ಜನ ಇದ್ದಾರೆ! ಈ ಒಂದು ಮಾತಿಗೆ ಹೆದರಿ ಸುಮ್ಮನಾಗುವವರೇ ಜಾಸ್ತಿ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡ ವಸ್ತು ವ್ಯಾಪಾರದ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆಯ ವಿವರಣೆಯಲ್ಲಿ ಇದು ಸ್ಪಷ್ಟವಾಗಿದೆ. ನಾನು ದೂರಿನ ಮೊದಲ ಪುಟದಲ್ಲೇ ಬರೆದೆ: ರುಬ್ಬುವವಳು ನಾನೇ, ಕೆಲಸದವರಿಲ್ಲ, ಮನೆ ನಡೆಯುವುದು ಇದರಿಂದಲೇ.

ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಿದ್ದು ಸರ್ಕಾರದ ಆನ್‌ಲೈನ್ ತಾಣವಾದ ಇ-ಜಾಗೃತಿ ಪೋರ್ಟಲಿನಲ್ಲಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ. ಗ್ರಾಹಕರ ಹಕ್ಕಿಗಾಗಿ ಬಸ್ರೂರಿನ ಬಳಕೆದಾರರ ವೇದಿಕೆ, ಡಾ. ರವೀಂದ್ರನಾಥ ಶಾನುಭಾಗರು ನಡೆಸಿದ ಹೋರಾಟ ಕಂಡ ಜಿಲ್ಲೆ ನಮ್ಮದು. ಇಲ್ಲಿಯವರು ಹಿಂಜರಿಯಬಾರದು ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ನನ್ನ ಕೈಹಿಡಿದದ್ದು ಮೆಕ್ಯಾನಿಕ್ ಬಿಟ್ಟುಹೋದ ಜಾಬ್ ಕಾರ್ಡುಗಳು. ‘ಸೀಲ್ ಬದಲಿಸಿದೆ’ ಎಂದು ಅವರೇ ಬರೆದು ಸಹಿ ಹಾಕಿದ್ದರು. ಒಂದೇ ಭಾಗ ಮತ್ತೆ ಮತ್ತೆ ಹಾಳಾದರೆ ಬಳಸುವವರ ತಪ್ಪು ಹೇಗಾಗುತ್ತದೆ? ಜತೆಗೆ ಕಪ್ಪಾದ ಹಿಟ್ಟಿನ ವಿಡಿಯೊ ಇತ್ತು. ಜಾಬ್ ಕಾರ್ಡ್ ಕೊಡದೆ ಹೊರಡುವ ಮೆಕ್ಯಾನಿಕನ್ನು ದಯವಿಟ್ಟು ಬಿಡಬೇಡಿ.

ಆಯೋಗದಲ್ಲಿ ನನ್ನ ಮಾತನ್ನು ಕನ್ನಡದಲ್ಲೇ ತಾಳ್ಮೆಯಿಂದ ಕೇಳಿದರು. ಬೇಸರವಾದದ್ದು ಕಂಪನಿ ಕಡೆಯವರು ತೆಗೆದುಕೊಂಡ ವಾಯಿದೆಗಳಿಂದ. ಲ್ಯಾಬ್ ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ನನ್ನದು ಅದಕ್ಕಿಂತ ಜಾಸ್ತಿ ಎಳೆಯಿತು. ಅಷ್ಟು ದಿನ ಬಾಡಿಗೆ ಗ್ರೈಂಡರಿನಲ್ಲೇ ರುಬ್ಬಿದೆ.

ಕೊನೆಗೆ ಬೆಲೆಯನ್ನು ಬಡ್ಡಿ ಸಮೇತ ಹಿಂದಿರುಗಿಸಿ, ದೂರಿನ ಖರ್ಚನ್ನೂ ಕೊಡಿ ಎಂದು ಆದೇಶವಾಯಿತು. ಹಾಳಾದ ಹಿಟ್ಟಿಗೆ ನಾನು ಕೇಳಿದಷ್ಟು ಪರಿಹಾರ ಸಿಗಲಿಲ್ಲ, ಅದಕ್ಕೆ ನನ್ನ ಹತ್ತಿರ ಲೆಕ್ಕದ ಚೀಟಿ ಇರಲಿಲ್ಲ. ಅಪೀಲು ಹೋಗುತ್ತೇವೆ ಎಂದು ಕಂಪನಿಯವರು ಫೋನಿನಲ್ಲಿ ಹೇಳಿದ್ದರು. ಅಪೀಲಿಗೆ 45 ದಿನದ ಗಡುವಿದೆ, ಆದೇಶದ ಅರ್ಧ ಹಣವನ್ನು ಮೊದಲೇ ಕಟ್ಟಬೇಕು. ಅವರು ಹೋಗಲಿಲ್ಲ. ಗಡುವು ಮುಗಿಯುವ ಮೊದಲೇ ದುಡ್ಡು ನನ್ನ ಖಾತೆಗೆ ಬಂತು, ಹಳೆ ಗ್ರೈಂಡರನ್ನು ಅವರೇ ಟೆಂಪೋದಲ್ಲಿ ಒಯ್ದರು.