ನೇಪಾಳಕ್ಕೆ ಬಸ್ಸೋ, ವಿಮಾನವೋ? ಇಲ್ಲ ಭೂತಾನವೇ ವಾಸಿಯೋ? ಗಡಿ ದಿಢೀರ್ ಬಿಗಿಯಾದಾಗ ಯಾವ ದಾರಿ ಹೇಗೆ

ವೀಸಾ ಗೋಜಿಲ್ಲದೆ ಹೋಗಿಬರುವ ವಿದೇಶ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ನೇಪಾಳ, ಆಮೇಲೆ ಭೂತಾನ. ನೇಪಾಳಕ್ಕೆ ರಸ್ತೆಯಲ್ಲೂ ಹೋಗಿದ್ದೇನೆ, ವಿಮಾನದಲ್ಲೂ ಹೋಗಿದ್ದೇನೆ. ಭೂತಾನಕ್ಕೆ ಪಶ್ಚಿಮ ಬಂಗಾಳದ ಗಡಿ ಊರು ಜೈಗಾಂವ್ ಕಡೆಯಿಂದ ರಸ್ತೆಯಲ್ಲಿ ಹೋದೆ. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಅನ್ನುವುದಕ್ಕೆ ಬೇಕಾದಷ್ಟು ವಿಡಿಯೋಗಳಿವೆ, ಅದು ಬಿಡಿ. ನಾನಿಲ್ಲಿ ನೋಡುವುದು ಒಂದೇ ವಿಷಯ. ರಜೆ ಹಾಕಿ, ದುಡ್ಡು ಕಟ್ಟಿ ಹೊರಟ ಮೇಲೆ ಗಡಿಯಲ್ಲಿ ನಿಯಮ ಬದಲಾದರೆ, ಆ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಖರ್ಚು ನೋಡಿದರೆ ನೇಪಾಳದ ರಸ್ತೆ ದಾರಿಯೇ ಗೆಲ್ಲುತ್ತದೆ. ನೆಮ್ಮದಿ ನೋಡಿದರೆ ಅದಕ್ಕೇ ಕೊನೇ ಸ್ಥಾನ.

ಕರ್ನಾಟಕದಿಂದ ರಸ್ತೆಯಲ್ಲಿ ನೇಪಾಳಕ್ಕೆ ಹೋಗುವವರು ಜಾಸ್ತಿ ಹಿಡಿಯುವುದು ಕಾಶಿ, ಅಯೋಧ್ಯೆ, ಗೋರಖಪುರ ಮುಗಿಸಿ ಸುನೌಲಿ ಕಡೆಯ ದಾರಿ. ಗೋರಖಪುರದಿಂದ ಗಡಿಗೆ ಸುಮಾರು 100 ಕಿ.ಮೀ. ಗೇಟು ದಾಟಿದರೆ ಬೆಲಹಿಯಾ, ಭೈರಹವಾ. ಅಲ್ಲಿಂದ ಲುಂಬಿನಿ ಹತ್ತಿರವೇ. ಮುಕ್ತಿನಾಥ, ಪಶುಪತಿನಾಥ ಎರಡೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅನ್ನುವುದೂ ಮನೆಯ ಹಿರಿಯರಿಗೆ ಒಂದು ಸೆಳೆತ. ಹಾಗಾಗಿ ಅಡುಗೆಯವರ ಸಮೇತ ಹೊರಡುವ ಬಸ್ ಪ್ಯಾಕೇಜುಗಳಿಗೆ ಇಲ್ಲಿ ಯಾವತ್ತೂ ಜನ ಕಮ್ಮಿಯಾಗಿಲ್ಲ.

ಗಡಿ ದಾಟುವುದು ಮನುಷ್ಯರಿಗೆ ಸುಲಭ. 1950ರ ಒಪ್ಪಂದದ ಕಾಲದಿಂದ ನಮಗೆ ಅಲ್ಲಿ ವೀಸಾ ಇಲ್ಲ. ನಡೆದೇ ಹೋಗಬಹುದು. ಕಷ್ಟ ಇರುವುದು ಗಾಡಿಗೆ ಮತ್ತು ಸಾಮಾನಿಗೆ. ಗಾಡಿಗೆ ‘ಭನ್ಸಾರ್’ ಮಾಡಿಸಬೇಕು, ಅಂದರೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಿ ಚೀಟಿ ತಗೊಳ್ಳಬೇಕು. ಎಷ್ಟು ದಿನ ಇರುತ್ತೀರಿ ಅಂತ ಅಲ್ಲೇ ಹೇಳಬೇಕು. ಚೀಟಿಯಲ್ಲಿ ಬರೆದ ದಿನಕ್ಕಿಂತ ಜಾಸ್ತಿ ಉಳಿದರೆ ದಂಡ. ರಸ್ತೆ ಕುಸಿದು ತಡವಾಯಿತು ಅಂದರೂ ದಿನ ಎಣಿಸುವುದು ಎಣಿಸಿಯೇ ಎಣಿಸುತ್ತಾರೆ. ಅದಕ್ಕೇ ಅನುಭವ ಇರುವ ಡ್ರೈವರುಗಳು ಒಂದೆರಡು ದಿನ ಮೊದಲೇ ಜಾಸ್ತಿ ಬರೆಸುತ್ತಾರೆ.

ಇನ್ನು ಸಾಮಾನು. ನೇಪಾಳದ ಕಸ್ಟಮ್ಸ್‌ನಲ್ಲಿ ಒಂದು ನಿಯಮ ಇದೆ. ಗಡಿಯಾಚೆಯಿಂದ ತರುವ ಸರಕು 100 ನೇಪಾಳಿ ರೂಪಾಯಿ ದಾಟಿದರೆ ಸುಂಕ. ನಮ್ಮ ಒಂದು ರೂಪಾಯಿಗೆ ಅವರದು 1.60. ಈ ದರ 1993ರಿಂದ ಅಲ್ಲಾಡಿಲ್ಲ. ಅಂದರೆ ಮಿತಿ ನಮ್ಮ ಲೆಕ್ಕದಲ್ಲಿ ಅರವತ್ತೆರಡೂವರೆ ರೂಪಾಯಿ. ಒಂದು ಕೆ.ಜಿ. ಒಳ್ಳೇ ಸೋನಾ ಮಸೂರಿಯೂ ಅಷ್ಟಕ್ಕೆ ಬರುವುದಿಲ್ಲ ಅಲ್ವಾ? ಈ ನಿಯಮ ಕಾಗದದ ಮೇಲೆ ಸುಮ್ನೆ ಮಲಗಿರುತ್ತದೆ. ಯಾವತ್ತೋ ಒಂದು ದಿನ ಎದ್ದು ಕೂರುತ್ತದೆ. 2023ರಲ್ಲಿ ಹಾಗೇ ಬಿಗಿ ಮಾಡಿದಾಗ ಗಡಿಯ ಊರುಗಳ ಜನರೇ ಸಿಟ್ಟಾದರು. ಎಣ್ಣೆ, ಸಕ್ಕರೆ, ಬಟ್ಟೆಗೆ ಭಾರತದ ಕಡೆಯ ಅಂಗಡಿಗೆ ಹೋಗಿಬರುವುದು ಅವರಿಗೆ ದಿನದ ಬದುಕು. ನಿಯಮದ ಗುರಿ ಅವರೇ ಹೊರತು ನಮ್ಮಂಥ ಪ್ರವಾಸಿಗಳಲ್ಲ. ಆದರೆ ತಪಾಸಣೆ ಜೋರಾದರೆ ಸಾಲು ಎಲ್ಲರಿಗೂ ಒಂದೇ.

ನಮ್ಮ ಬಸ್ಸಿನ ಡಿಕ್ಕಿ ತೆಗೆಸಿದರು. ಒಳಗಿದ್ದದ್ದು ಅವಲಕ್ಕಿ ಮೂಟೆ, ರವೆ, ತೊಗರಿಬೇಳೆ, ಎರಡು ಡಬ್ಬ ತುಂಬ ಚಟ್ನಿಪುಡಿ. ತಪಾಸಣೆಯವರು ಒಂದು ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿ, ಸೀನಿ, ಪಕ್ಕದವರಿಗೆ ಕೊಟ್ಟರು. ಅವರು ಚೂರು ನಾಲಿಗೆಗೆ ಹಚ್ಚಿ ನಕ್ಕರು. ಅಡುಗೆಯವರೂ ನಕ್ಕರು. ಅದಕ್ಕೆಲ್ಲ ಏನೂ ಅನ್ನಲಿಲ್ಲ. ಪ್ರಶ್ನೆ ಬಂದಿದ್ದು ಡಬ್ಬ ಒಡೆಯದ ಒಂದು ಹೊಸ ಮಿಕ್ಸಿಗೆ. ಥರ್ಮೋಕೋಲು, ಪ್ಲಾಸ್ಟಿಕ್ ಕವರು, ವಾರಂಟಿ ಚೀಟಿ ಎಲ್ಲ ಹಾಗೇ ಇತ್ತು. ಬಳಸಿದ ಸಾಮಾನು ಪ್ರಯಾಣಿಕರದ್ದು, ಪ್ಯಾಕ್ ಆಗಿರುವುದು ಸರಕು. ಅವರ ಲೆಕ್ಕ ಅಷ್ಟೇ, ತಪ್ಪೂ ಅಲ್ಲ. ಮಿಕ್ಸಿಗೆ ಸುಂಕ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಯಾತ್ರೆಗೆ ಹೊಸ ಪಾತ್ರೆ, ಹೊಸ ಕುಕ್ಕರು ಕೊಳ್ಳುವವರು ಮನೆಯಲ್ಲೇ ಡಬ್ಬ ಬಿಸಾಕಿ, ಒಂದು ಸಲ ಅನ್ನ ಮಾಡಿಯೇ ಹೊರಡಿ.

ಇವೆಲ್ಲ ಕಿರಿಕಿರಿ ಅಷ್ಟೇ. ನಿಜವಾದ ಪೆಟ್ಟು ಗೇಟು ಮುಚ್ಚಿದಾಗ. ನೇಪಾಳದಲ್ಲಿ ಚುನಾವಣೆ ಬಂದರೆ ಮತದಾನಕ್ಕೆ 72 ಗಂಟೆ ಮೊದಲು ಗಡಿ ಮುಚ್ಚುವುದು ವಾಡಿಕೆ. 2022ರ ನವೆಂಬರ್ 20ರ ಚುನಾವಣೆಗೂ ಮುಚ್ಚಿದ್ದರು. ಈಚೆ ಕಡೆ ಉತ್ತರ ಪ್ರದೇಶದಲ್ಲೋ ಬಿಹಾರದಲ್ಲೋ ಮತದಾನ ಇದ್ದರೂ ಇದೇ ಕಥೆ. ಇದನ್ನು ಕ್ಯಾಲೆಂಡರ್ ನೋಡಿ ತಪ್ಪಿಸಿಕೊಳ್ಳಬಹುದು. ಆದರೆ 2015ರದ್ದು? ಹೊಸ ಸಂವಿಧಾನದ ಗಲಾಟೆಯಲ್ಲಿ ಸೆಪ್ಟೆಂಬರ್‌ನಿಂದ ಶುರುವಾದ ದಿಗ್ಬಂಧನ ತಿಂಗಳುಗಟ್ಟಲೆ ನಡೆಯಿತು. ಕಾಠ್ಮಂಡುವಿನಲ್ಲಿ ಪೆಟ್ರೋಲು, ಗ್ಯಾಸು ಸಿಗದೆ ಜನ ಸೌದೆ ಒಲೆಗೆ ಬಂದಿದ್ದರು. ಆಗ ಒಳಗಿದ್ದ ಬಸ್ಸಿಗೆ ಡೀಸೆಲ್ ಎಲ್ಲಿಂದ ಬರಬೇಕು?

ರಸ್ತೆ ದಾರಿಯ ದೊಡ್ಡ ಕುಂದು ಇದೇ. ಗೇಟು ಮುಚ್ಚಿದರೆ ದುಡ್ಡು ವಾಪಸ್ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಬಸ್ಸಿನವರು ‘ನಾವೇನು ಮಾಡೋಣ’ ಅನ್ನುತ್ತಾರೆ, ಅದು ನಿಜವೂ ಹೌದು. ಬದಲಿಗೆ ಪ್ರಯಾಗವನ್ನೋ ಗಯೆಯನ್ನೋ ತೋರಿಸಿ ಕರೆತರುತ್ತಾರೆ. ಪೋಖರಾದ ಹೋಟೆಲಿಗೆ ಕಟ್ಟಿದ ಮುಂಗಡ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಂತೂ ಗಡಿ ತೆರೆದಿದ್ದರೂ ನಂಬುವಂತಿಲ್ಲ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳೇ ತ್ರಿಶೂಲಿ ನದಿಗೆ ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ರಸ್ತೆ ನಾನು ಯಾರಿಗೂ ಹೇಳುವುದಿಲ್ಲ.

ವಿಮಾನದ ದಾರಿಯಲ್ಲಿ ಕಾಶಿ, ಅಯೋಧ್ಯೆ ತಪ್ಪುತ್ತವೆ. ಚಟ್ನಿಪುಡಿ ಡಬ್ಬವೂ ಬ್ಯಾಗಿನ ತೂಕ ನೋಡಿಕೊಂಡು ಹೋಗಬೇಕು. ದಸರಾ ರಜೆಯಲ್ಲಿ ಟಿಕೆಟ್ ದರ ಕೇಳಿದರೆ ಅಪ್ಪ ಅಮ್ಮ ‘ಬಸ್ಸೇ ಸಾಕು’ ಅನ್ನುತ್ತಾರೆ. ಆದರೂ ಹಿರಿಯರ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುವುದು.

2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಸೋಷಿಯಲ್ ಮೀಡಿಯಾ ನಿಷೇಧದಿಂದ ಹತ್ತಿಕೊಂಡ ಯುವಕರ ಪ್ರತಿಭಟನೆ 8ನೇ ತಾರೀಖು ರಕ್ತಪಾತಕ್ಕೆ ತಿರುಗಿತು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಅದೇ ದಿನ ಕಾಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಕರ್ನಾಟಕದ ಪ್ರವಾಸಿಗಳೂ ಅಲ್ಲಿ ಸಿಕ್ಕಿಬಿದ್ದರು. ಆದರೆ 10ರ ಸಂಜೆಗೆ ವಿಮಾನ ಮತ್ತೆ ಶುರುವಾಯಿತು. ದೇಶದ ಬಾಗಿಲುಗಳಲ್ಲಿ ಮೊದಲು ತೆರೆಯುವುದು ಅದೇ, ಯಾಕೆಂದರೆ ಅದು ಎಲ್ಲರಿಗೂ ಬೇಕು. ರಸ್ತೆಯಲ್ಲಿ ಹೋಗಿದ್ದವರು ಕರ್ಫ್ಯೂ, ಸುಟ್ಟ ಟೈರು, ನಿಂತ ಟ್ರಕ್ಕು ದಾಟಿ ಗಡಿ ಮುಟ್ಟಬೇಕಿತ್ತು.

ಎರಡನೆಯದು ದುಡ್ಡು. ವಿಮಾನ ಕಂಪನಿಯೇ ಹಾರಾಟ ರದ್ದು ಮಾಡಿದರೆ ಟಿಕೆಟ್ ಹಣ ವಾಪಸ್ ಬರುತ್ತದೆ, ಇಲ್ಲವೇ ಬೇರೆ ದಿನದ ಸೀಟು ಸಿಗುತ್ತದೆ. ಇದು ನಿಯಮ, ಉಪಕಾರವಲ್ಲ. ನಾವಾಗೇ ಹೆದರಿ ರದ್ದು ಮಾಡಿದರೆ ಮಾತ್ರ ಕೈಸುಟ್ಟುಕೊಳ್ಳುತ್ತೇವೆ. ಹಾಗಾಗಿ ಗಲಾಟೆ ಸುದ್ದಿ ಬಂದ ತಕ್ಷಣ ಕ್ಯಾನ್ಸಲ್ ಬಟನ್ ಒತ್ತಬೇಡಿ, ಕಂಪನಿ ಏನು ಹೇಳುತ್ತದೆ ಕಾದು ನೋಡಿ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿ ಕೂರಬೇಡಿ. ದಂಗೆ, ಸರ್ಕಾರದ ಆದೇಶ ಇವನ್ನು ಬಹಳ ಪಾಲಿಸಿಗಳಲ್ಲಿ ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ.

ವಿಮಾನದಲ್ಲಿ ಎಡವುವುದು ನಮ್ಮ ಊರಿನ ಕೌಂಟರಿನಲ್ಲೇ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ನಡೆಯುವುದು 15 ವರ್ಷದ ಕೆಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಮ್ಮ ಮುಂದಿನ ಸಾಲಿನಲ್ಲಿ ಒಂದು ಕುಟುಂಬ. ಅಜ್ಜ, ಮೊಮ್ಮಗಳು ಆಧಾರ್ ಮೇಲೆ ಪಾಸ್, ನಡುವಿನ ಗಂಡ ಹೆಂಡತಿ ಫೇಲ್. ಮನೆಗೆ ಫೋನ್ ಮಾಡಿ ವೋಟರ್ ಐಡಿಯ ಫೋಟೋ ತರಿಸಿಕೊಂಡರು, ಫೋಟೋ ಆಗುವುದಿಲ್ಲ ಅಂದರು. ನಾಲ್ವರೂ ವಾಪಸ್ ಹೋದರು. ಸಮಯದ ವಿಷಯದಲ್ಲೂ ಕಾಠ್ಮಂಡು ನಿಲ್ದಾಣ ಸ್ವಲ್ಪ ಕಾಡುತ್ತದೆ. 2024ರ ನವೆಂಬರ್‌ನಿಂದ 2025ರ ಮಾರ್ಚ್‌ವರೆಗೆ ಕಾಮಗಾರಿಗೆ ಅಂತ ದಿನಾ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಮುಚ್ಚಿದ್ದರು. ಚಳಿಗಾಲದಲ್ಲಿ ಮಂಜು ಬೇರೆ. ಕೊನೇ ದಿನ ದೆಹಲಿಯಲ್ಲಿ ಮುಂದಿನ ವಿಮಾನಕ್ಕೆ ಎರಡೇ ಗಂಟೆ ಅಂತರ ಇಟ್ಟುಕೊಳ್ಳಬೇಡಿ.

ಭೂತಾನದ ಕಥೆ ಪೂರಾ ಬೇರೆ. ಅಲ್ಲಿ ಅಚ್ಚರಿ ಕಮ್ಮಿ, ಬಿಲ್ ಜಾಸ್ತಿ. ಕೋವಿಡ್‌ಗೆ ಅಂತ 2020ರ ಮಾರ್ಚ್‌ನಲ್ಲಿ ಹಾಕಿದ ಬಾಗಿಲನ್ನು ಅವರು ಪ್ರವಾಸಿಗಳಿಗೆ ತೆಗೆದಿದ್ದು 2022ರ ಸೆಪ್ಟೆಂಬರ್ 23ಕ್ಕೆ. ತೆಗೆದಾಗ ಲೆಕ್ಕವೇ ಬದಲಾಗಿತ್ತು. ಅಲ್ಲಿಯವರೆಗೆ ಭಾರತೀಯರಿಗೆ ಇಲ್ಲದಿದ್ದ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಬಂತು. ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಾಲ್ಕು ದೊಡ್ಡವರು ಐದು ರಾತ್ರಿ ಉಳಿದರೆ ಬರೀ ಇದೇ 24,000 ರೂಪಾಯಿ. ಹೋಟೆಲ್, ಊಟ, ಗಾಡಿ ಇನ್ನೂ ಬಂದಿಲ್ಲ. ನಮ್ಮ ನಂಬರ್ ಪ್ಲೇಟಿನ ಕಾರು ಒಳಗೆ ಒಯ್ದರೆ ಅದಕ್ಕೂ ದಿನಕ್ಕೆ 4,500. ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಹೋಗುವ ಹುಚ್ಚು ಇರುವವರು ಜೈಗಾಂವ್‌ನಲ್ಲೇ ಪಾರ್ಕ್ ಮಾಡಿ, ಅಲ್ಲಿಯ ಗಾಡಿ ಹಿಡಿಯುವುದೇ ಜಾಣತನ.

ಆದರೆ ಒಂದು ಮಾತು ಒಪ್ಪಲೇಬೇಕು. ಕಟ್ಟಬೇಕಾದ್ದೆಲ್ಲ ಹೊರಡುವ ಮೊದಲೇ ಗೊತ್ತಿರುತ್ತದೆ. ಪರ್ಮಿಟ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿದೆ. ಜೈಗಾಂವ್‌ಗೆ ಅಂಟಿಕೊಂಡೇ ಇರುವ ಭೂತಾನದ ಊರು ಫುಂಟ್‌ಶೋಲಿಂಗ್‌ನ ವಲಸೆ ಕಚೇರಿಯಲ್ಲಿ ಫೋಟೋ, ಬೆರಳಚ್ಚು, ಮುಗೀತು. ಜೈಗಾಂವ್‌ನ ಹಾರ್ನು, ತಳ್ಳುಗಾಡಿ, ಧೂಳು ದಾಟಿ ಆಚೆ ಕಾಲಿಟ್ಟರೆ ಎಲ್ಲರೂ ಜೀಬ್ರಾ ಕ್ರಾಸಿಂಗ್‌ನಲ್ಲಿ ನಿಲ್ಲುತ್ತಾರೆ! ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಲ್ಲದೆ ಆಗುವುದಿಲ್ಲ. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ, ಅದೂ ಇಂಗ್ಲಿಷಿನಲ್ಲಿ ಇದ್ದರೆ ಒಳ್ಳೆಯದು. ಭೂತಾನದ ದಾರಿ ಕೈಕೊಟ್ಟರೆ ಅದು ಬಹುಪಾಲು ನಮ್ಮ ಕಡೆಯೇ. 2025ರ ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಬಂಗಾಳದ ರಸ್ತೆ, ಸೇತುವೆಗಳು ಹಾಳಾಗಿ ದಸರಾ ರಜೆಗೆ ಹೋದವರು ಅಲ್ಲಲ್ಲೇ ನಿಂತುಬಿಟ್ಟರು. ಬಾಗ್‌ಡೋಗ್ರಾ ನಿಲ್ದಾಣದಿಂದ ಜೈಗಾಂವ್‌ವರೆಗಿನ ಪ್ರಯಾಣಕ್ಕೆ ಅರ್ಧ ದಿನ ಬೇಕೇ ಬೇಕು.

ಕೈಯಲ್ಲಿ ಯಾವ ನೋಟು ಇರಬೇಕು ಅನ್ನುವುದರಲ್ಲೂ ನೇಪಾಳ ಮನಸ್ಸು ಬದಲಾಯಿಸುತ್ತಲೇ ಇರುತ್ತದೆ. 2016ರ ನಮ್ಮ ನೋಟು ರದ್ದತಿಯಲ್ಲಿ ಅಲ್ಲಿಯ ಜನರ ಕೈಯಲ್ಲಿ ಹಳೇ ನೋಟು ಹಾಗೇ ಉಳಿಯಿತು. ಆ ಸಿಟ್ಟು ಇನ್ನೂ ಇದೆ. 2018ರ ಡಿಸೆಂಬರ್‌ನಲ್ಲಿ ಅವರು 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿದರು. ನಾನು ಹೋದಾಗಲೂ ಅದೇ ನಿಯಮ ಇತ್ತು, ಬ್ಯಾಂಕಿನಿಂದ ನೂರರ ಕಟ್ಟು ತಗೊಂಡೇ ಹೋಗಿದ್ದೆ. ಹೊರಡುವ ವಾರ ಈ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಕ್ಷೇಮ. 2024ರ ಮಾರ್ಚ್‌ನಿಂದ ನಮ್ಮ ಯುಪಿಐ ಅಲ್ಲಿಯ ಫೋನ್‌ಪೇ ಕ್ಯೂಆರ್‌ನಲ್ಲಿ ನಡೆಯುತ್ತದೆ. ಇದು ನಮ್ಮ ಫೋನ್‌ಪೇ ಅಲ್ಲ, ಅವರದೇ ಬೇರೆ ಕಂಪನಿ. ಕಾಠ್ಮಂಡುವಿನ ಅಂಗಡಿಗಳಿಗೆ ಇದು ಸಾಕು, ಮುಕ್ತಿನಾಥದ ದಾರಿಯ ಚಹಾಗೆ ಚಿಲ್ಲರೆಯೇ ಬೇಕು. ಭೂತಾನದಲ್ಲಿ ನಮ್ಮ ರೂಪಾಯಿ, ಅವರ ಙುಲ್ಟ್ರಮ್ ಎರಡೂ ಸಮ, ತಲೆನೋವೇ ಇಲ್ಲ.

ಇನ್ನು ವಾಪಸ್ ಬರುವಾಗಿನ ನಮ್ಮದೇ ಕಸ್ಟಮ್ಸ್. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ದುಬೈನಿಂದ, ಬ್ಯಾಂಕಾಕ್‌ನಿಂದ ಬರುವವರಿಗೆ ಸಿಗುವ ಸುಂಕ ವಿನಾಯಿತಿ ನಮಗೂ ಸಿಗುತ್ತದೆ ಅಂದುಕೊಂಡಿರುತ್ತಾರೆ. ನಾನು ಓಡಾಡಿದಾಗ ಇದ್ದ 2016ರ ಬ್ಯಾಗೇಜ್ ನಿಯಮದಲ್ಲಿ ನೇಪಾಳ, ಭೂತಾನ, ಮ್ಯಾನ್ಮಾರ್‌ಗೆ ಬೇರೆಯೇ ಸಾಲು ಇತ್ತು. ವಿಮಾನದಲ್ಲಿ ಬಂದರೆ 15,000 ರೂಪಾಯಿವರೆಗೆ ವಿನಾಯಿತಿ. ರಸ್ತೆಯಲ್ಲಿ ಬಂದರೆ ಬಳಸಿದ ಸ್ವಂತ ಸಾಮಾನು ಮಾತ್ರ. ಕಾಠ್ಮಂಡುವಿನಲ್ಲಿ ಚೀನಾದ ಜಾಕೆಟ್, ಶೂ ಅಗ್ಗ ಅಂತ ಡಜನ್‌ಗಟ್ಟಲೆ ಹೇರಿಕೊಂಡು ಬಸ್ಸಿನಲ್ಲಿ ಬರುವವರು ಇದನ್ನು ಓದಿಕೊಂಡರೆ ಒಳ್ಳೆಯದು.

ಅದಕ್ಕಿಂತ ಜಾಸ್ತಿ ಜನ ಬೀಳುವುದು ಭೂತಾನದ ಚಿನ್ನಕ್ಕೆ. ಆ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಿ, ಮಾನ್ಯತೆ ಇರುವ ಹೋಟೆಲಿನಲ್ಲಿ ಒಂದು ರಾತ್ರಿಯಾದರೂ ಉಳಿದವರಿಗೆ 20 ಗ್ರಾಂ ಸುಂಕರಹಿತ ಚಿನ್ನ ಅಂತ 2023ರ ಮಾರ್ಚ್‌ನಿಂದ ಭೂತಾನ ಶುರುಮಾಡಿತು. ಡಾಲರಿನಲ್ಲೇ ಕೊಳ್ಳಬೇಕು. ‘ಟ್ರಿಪ್ ಖರ್ಚೇ ಚಿನ್ನದಲ್ಲಿ ಬಂತು’ ಅನ್ನುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಸುಂಕ ಇಲ್ಲದಿರುವುದು ಭೂತಾನದ ಕಡೆ. ಭಾರತದ ಕಡೆ ಹೊರಗಿನಿಂದ ತರುವ ಒಡವೆಗೆ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿ ಇದ್ದು ಬಂದವರಿಗೆ. ವಾರದ ರಜೆಗೆ ಹೋದ ನಮಗಲ್ಲ. ನಾಣ್ಯ, ಬಿಸ್ಕತ್ತಿಗಂತೂ ಆ ವಿನಾಯಿತಿಯೂ ಇಲ್ಲ. ಬಿಲ್ ತೋರಿಸಿ, ಡಿಕ್ಲೇರ್ ಮಾಡಿ, ಸುಂಕ ಕಟ್ಟಿ ತರುವುದಾದರೆ ಯಾರೂ ಬೇಡ ಅನ್ನುವುದಿಲ್ಲ. ಸುಂಕ ಕಟ್ಟಿದ ಮೇಲೆ ಅದು ಅವೆನ್ಯೂ ರಸ್ತೆಯ ಚಿನ್ನಕ್ಕಿಂತ ಅಗ್ಗ ಇರುವುದಿಲ್ಲ, ಅಷ್ಟೇ.